ಧಾರವಾಡ ಜಿಲ್ಲೆಯ ಅತ್ಯಂತ ತೃಪ್ತ ಮನೆ

ದೇವರ ಮನೆಯ ಕೆಂಪು ಎಲ್‌ಇಡಿ ಮತ್ತೆ ಸುಟ್ಟುಹೋಯಿತು. ಈ ತಿಂಗಳಲ್ಲಿ ಇದು ಮೂರನೆಯದು. ಎಲ್‌ಇಡಿ ಒಮ್ಮೆ ಹಚ್ಚಿದರೆ ಇಪ್ಪತ್ತು ವರ್ಷ ಅದರ ಕಡೆ ತಿರುಗಿ ನೋಡಬೇಕಾಗಿಲ್ಲ ಎಂದು ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ನನ್ನ ಮನೆಯಲ್ಲೇ ಹತ್ತು ದಿನಕ್ಕೊಂದು ಸುಡುತ್ತಿದೆ ಎಂದರೆ ಯಾರ ಮುಂದೆ ಹೇಳಿಕೊಳ್ಳಲಿ. ಸ್ಟೂಲು ಹತ್ತಿ, ಕಪ್ಪಾದ ದೀಪವನ್ನು ಕಿತ್ತು, ಅದರ ಹಿಂದೆ ಕುಳಿತಿದ್ದ ಹೊಂದಿಕೆ ಬಿಲ್ಲೆಗೆ ಮನಸಾರೆ ಬೈದೆ. ನಾನು ಬೈಯುತ್ತಿದ್ದ ಹಾಗೆ ಪಕ್ಕದ ಅಡುಗೆಮನೆಯ ದೀಪ ಇನ್ನಷ್ಟು ಝಗ್ಗೆಂದಿತು. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ.

ನನ್ನ ಹೆಸರು ಇಂದುಮತಿ ಪತ್ತಾರ. ಧಾರವಾಡದ ಒಂದು ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದೆ. ನಮ್ಮ ಕಾಲದಲ್ಲಿ ಒಂದು ಎಲ್‌ಇಡಿ ಹಚ್ಚಬೇಕೆಂದರೆ ಮೊದಲು ಕಾಗದ ಪೆನ್ನು ಹಿಡಿಯಬೇಕಿತ್ತು. ಐದು ವೋಲ್ಟ್ ಇದೆ, ಕೆಂಪು ದೀಪ ಎರಡನ್ನು ತಿನ್ನುತ್ತದೆ, ಉಳಿದದ್ದು ಮೂರು. ಆ ಮೂರನ್ನು ನಿಮಗೆ ಬೇಕಾದ ಕರೆಂಟಿನಿಂದ ಭಾಗಿಸಿ. ಮೂರನೆಯ ಕ್ಲಾಸಿನ ಲೆಕ್ಕ. ಒಂಬತ್ತು ಮಿಲಿಆಂಪಿಯರ್ ಸಾಕೆಂದರೆ ಮುನ್ನೂರ ಮೂವತ್ತು ಓಮಿನ ರೆಸಿಸ್ಟರ್ ಹಾಕಿ ಕೈ ತೊಳೆದುಕೊಳ್ಳಬಹುದು. ಅಕ್ಕಿಕಾಳಿನಷ್ಟು ದೊಡ್ಡ ಆ ವಸ್ತು ದೀಪಕ್ಕೆ ಒಂದು ಮಿತಿ ಹಾಕಿ ಸುಮ್ಮನೆ ಕೂರುತ್ತದೆ. ರಿಲೇ ಎಂಬ ಸುರುಳಿ ಸುತ್ತಿದ ವಿದ್ಯುತ್ ಸ್ವಿಚ್ಚಿನಂಥ ಭಾರದ ಆಸಾಮಿಯನ್ನು ಎಳೆಯಬೇಕೆಂದರೆ ನಡುವೆ ಹದಿನಾರು ಕಾಲಿನ ಡ್ರೈವರ್ ಚಿಪ್ ಹಾಕುತ್ತಿದ್ದೆವು. ಅದರ ಒಂಬತ್ತನೆಯ ಕಾಲನ್ನು ರಿಲೇಯ ವಿದ್ಯುತ್ತಿಗೆ ಜೋಡಿಸಲೇಬೇಕು. ಜೋಡಿಸದಿದ್ದರೂ ಮೊದಲಿಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಆದರೆ ರಿಲೇ ಪ್ರತಿ ಸಲ ಆರಿದಾಗಲೂ ಅದರ ಸುರುಳಿ ತಿರುಗಿ ಒದೆಯುತ್ತದೆ, ಒದೆ ತಿಂದು ತಿಂದು ಚಿಪ್ ಒಂದು ದಿನ ಸಾಯುತ್ತದೆ. ಇದನ್ನು ಎಷ್ಟು ಹೇಳಿದರೂ ಹುಡುಗರು ಮರೆಯುತ್ತಿದ್ದರು, ನನಗೆ ತಲೆ ಕೆಡುತ್ತಿತ್ತು.

ಆಮೇಲೆ ಹೊಂದಿಕೆ ಬಿಲ್ಲೆ ಬಂತು. ಗುಂಡಿಯಷ್ಟು ಅಗಲದ ಕಪ್ಪು ಬಿಲ್ಲೆ. ಎಲ್‌ಇಡಿ, ರಿಲೇ, ಮೋಟಾರು ಏನೇ ಇರಲಿ, ನಡುವೆ ಅದನ್ನು ಸಿಕ್ಕಿಸಿದರೆ ಆಯಿತು. ಆ ಕಡೆ ಏನಿದೆ ಎಂದು ತಾನೇ ಸಣ್ಣಗೆ ತಟ್ಟಿ ನೋಡಿ, ಎಷ್ಟು ಕರೆಂಟು ಬೇಕೋ ಅಷ್ಟನ್ನು ತಾನೇ ಕೊಡುತ್ತದೆ. ‘ಯಾರಿಗೆ ಎಷ್ಟು ಸಾಕೋ ಅಷ್ಟು’ ಎಂದು ಕಂಪನಿಯವರು ಗೋಡೆಗೋಡೆಗೂ ಬರೆಸಿದರು. ಮನೆಮನೆಯಲ್ಲಿ ವಿದ್ಯುತ್ ಉಳಿತಾಯವಾಯಿತು, ಸರ್ಕಾರ ಹೊಗಳಿತು. ಹದಿನಾಲ್ಕು ವರ್ಷದಲ್ಲಿ ರೆಸಿಸ್ಟರ್ ಮಾರುವ ಅಂಗಡಿಗಳೆಲ್ಲ ಮೊಬೈಲ್ ಕವರ್ ಮಾರುವ ಅಂಗಡಿಗಳಾದವು. ಕಳೆದ ವಾರ ಅಂಥ ಒಂದು ಅಂಗಡಿಗೆ ಹೋಗಿ ಮುನ್ನೂರ ಮೂವತ್ತು ಓಮ್ ಇದೆಯೇ ಎಂದು ಕೇಳಿದೆ. ಕೌಂಟರಿನಲ್ಲಿದ್ದವನು ನನಗೆ ಏನೋ ಆಗಿದೆ ಎಂಬಂತೆ ನೋಡಿ, ಕುಡಿಯಲು ನೀರು ಕೊಟ್ಟ.

ಸುಟ್ಟ ಮೂರೂ ದೀಪಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಬಿಲ್ಲೆ ಕಂಪನಿಯ ಸೇವಾ ಕೇಂದ್ರ ಇರುವುದು ಹುಬ್ಬಳ್ಳಿಯಲ್ಲಿ. ಅದಕ್ಕೂ ಮೊದಲು ಹಳೇ ಹುಬ್ಬಳ್ಳಿಯಲ್ಲಿರುವ ಚಂಪಕ್ಕನನ್ನು ನೋಡಿಕೊಂಡು ಹೋದರಾಯಿತು ಎಂದುಕೊಂಡೆ.

ಚಂಪಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೂರು ವರ್ಷದ ಕೂಸಿದ್ದಾಗ ಜ್ವರ ಬಂದು ಕಿವಿ ಹೋಯಿತು, ಮಾತು ಬರಲಿಲ್ಲ. ನಮ್ಮ ಮನೆಯವರೆಲ್ಲ ಅವಳ ಜೊತೆ ಕೈಯಲ್ಲೇ ಮಾತಾಡುತ್ತ ಬೆಳೆದೆವು. ಅವಳಿಗೆ ದೇವರು ಕೊಟ್ಟದ್ದು ಕಣ್ಣು ಮತ್ತು ಬೆರಳು. ಇಳಕಲ್ ಸೀರೆಯ ಮೇಲೆ ಅವಳು ಹಾಕುವ ಕಸೂತಿಗೆ ದೂರದೂರದಿಂದ ಜನ ಬರುತ್ತಾರೆ. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ, ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ. ನಲವತ್ತೈದು ವರ್ಷದಲ್ಲಿ ಅವಳ ಒಂದು ಗೋಪುರವೂ ವಾಲಿದ್ದನ್ನು ನಾನು ಕಂಡಿಲ್ಲ.

ಅವಳ ಮನೆಗೆ ಬೇಕಾದ ಏರ್ಪಾಟನ್ನೆಲ್ಲ ನಾನೇ ಮಾಡಿಕೊಟ್ಟಿದ್ದೆ. ಬಾಗಿಲ ಗುಂಡಿ ಒತ್ತಿದರೆ ಕಸೂತಿ ಚೌಕಟ್ಟಿನ ಪಕ್ಕದಲ್ಲಿ ಕೆಂಪು ದೀಪ ಹತ್ತುತ್ತದೆ, ಮಂಚದ ಕೆಳಗಿನ ರಿಲೇ ಟಕ್ ಎಂದು ಎಳೆದು ಒಂದು ಮೋಟಾರು ಮಂಚವನ್ನು ನಡುಗಿಸುತ್ತದೆ. ಚೌಕಟ್ಟಿನ ಮೇಲೆ ಬಿಳಿ ಎಲ್‌ಇಡಿಗಳ ಎಂಟು ಸಾಲಿನ ಕೆಲಸದ ದೀಪ. ಆ ಮನೆಗೆ ಕಿಟಕಿ ಕಡಿಮೆ, ಹಗಲಲ್ಲೂ ದೀಪ ಬೇಕು. ಎಲ್ಲಕ್ಕೂ ರೆಸಿಸ್ಟರ್ ಲೆಕ್ಕ ಹಾಕಿ, ಡ್ರೈವರ್ ಚಿಪ್ ಕೂರಿಸಿ, ನನ್ನ ಕೈಯಾರೆ ಬೆಸುಗೆ ಹಾಕಿದ್ದು. ಮೂರು ವರ್ಷದ ಹಿಂದೆ ಅದನ್ನೆಲ್ಲ ಕಿತ್ತು ಬಿಲ್ಲೆ ಸಿಕ್ಕಿಸಿದವಳೂ ನಾನೇ. ಒಂದು ವೈರು ಕಿತ್ತರೂ ಧಾರವಾಡದಿಂದ ಓಡಿ ಬರಬೇಕಲ್ಲ ಎಂಬ ಬೇಸರಕ್ಕೆ ಹಾಗೆ ಮಾಡಿದೆ. ಅವಳು ಏನೂ ಹೇಳಲಿಲ್ಲ.

ಗುಂಡಿ ಒತ್ತಿದೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಒಂದು ಕೈಯಲ್ಲಿ ಪೇಢೆಯ ಡಬ್ಬಿ, ಇನ್ನೊಂದರಲ್ಲಿ ಸುಟ್ಟ ದೀಪಗಳ ಪೊಟ್ಟಣ. ಹತ್ತು ನಿಮಿಷ ಕಾದೆ. ಆಮೇಲೆ ನನ್ನ ಸ್ವಭಾವ ಎಲ್ಲಿ ಹೋಗುತ್ತದೆ, ಬಾಗಿಲಿಗೂ ಬಿಲ್ಲೆಗೂ ಕಂಪನಿಗೂ ಸೇರಿಸಿ ಗಟ್ಟಿಯಾಗಿ ಬೈಯುತ್ತ ಮತ್ತೆ ಗುಂಡಿ ಒತ್ತಿದೆ. ತಕ್ಷಣ ಬಾಗಿಲು ತೆರೆಯಿತು.

"ಎಷ್ಟೊತ್ತಾತು ಬಂದು?" ಎಂದು ಅವಳ ಕೈ ಕೇಳಿತು.

"ಹತ್ತು ನಿಮಿಷ ಆತು. ದೀಪ ನೋಡಲಿಲ್ಲೇನ?"

"ಈಗ ಹತ್ತಿತು. ಹತ್ತಿದ ಕೂಡ್ಲೆ ಬಂದೆ."

ಒಳಗೆ ಹೋದೆ. ನಡುಮನೆಯ ಗೋಡೆಯ ಮೇಲೆ ಕಂಪನಿಯವರು ಕೊಟ್ಟ ಪ್ರಶಸ್ತಿಪತ್ರ ಕಟ್ಟು ಹಾಕಿ ತೂಗುತ್ತಿತ್ತು: ‘ಧಾರವಾಡ ಜಿಲ್ಲೆಯ ಅತ್ಯಂತ ತೃಪ್ತ ಮನೆ’. ಹೋದ ವರ್ಷ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗಿದ್ದರು. ನನಗೆ ಒಳಗೊಳಗೇ ಸ್ವಲ್ಪ ಉರಿದಿತ್ತು. ನನಗೆ ಅದೇ ಕಂಪನಿಯಿಂದ ತಿಂಗಳಿಗೆರಡು ಸಲ ಫೋನು ಬರುತ್ತಿತ್ತು, ನಿಮ್ಮ ತೃಪ್ತಿ ಹೆಚ್ಚಿಸಲು ಏನು ಮಾಡೋಣ ಎಂದು.

ಕಸೂತಿ ಚೌಕಟ್ಟು ಗೋಡೆಗೆ ಒರಗಿತ್ತು, ಬಟ್ಟೆ ಇರಲಿಲ್ಲ. ದಾರದ ಉಂಡೆಗಳೆಲ್ಲ ಒಂದು ಚೀಲದಲ್ಲಿ. ಅದರ ಮೇಲೆ ಅವ್ವನ ಕಾಲದಿಂದ ಬಂದ ನಮೂನೆಯ ಪುಸ್ತಕ, ಆನೆ, ನವಿಲು, ತುಳಸಿ ಕಟ್ಟೆಗಳನ್ನು ಚೌಕಳಿ ಹಾಳೆಯ ಮೇಲೆ ಬರೆದಿಟ್ಟದ್ದು.

"ಇದೇನಬೇ ಇದು?"

"ಶುಕ್ರವಾರ ಮಹಿಳಾ ಸಂಘದವರು ಬರ್ತಾರ. ಎಲ್ಲಾ ಅವರಿಗೆ ಕೊಟ್ಟಬಿಡ್ತೀನಿ" ಎಂದಳು. ಆಮೇಲೆ ತನ್ನ ಕಣ್ಣು ಮುಟ್ಟಿ ಬೆರಳು ಕೊಡವಿದಳು. "ಕಣ್ಣು ಹೋದುವು. ಒಂದು ವರ್ಷಾತು. ಎಳಿ ಕಾಣಂಗಿಲ್ಲ."

ಡಾಕ್ಟರಿಗೆ ತೋರಿಸಿದೆಯಾ ಎಂದು ಕೇಳಿದೆ. ತೋರಿಸಿದ್ದಳು, ಒಬ್ಬಳೇ ಹೋಗಿ. ವಯಸ್ಸಿಗೆ ತಕ್ಕ ಹಾಗೆ ಇದೆ, ಹೆದರಬೇಡಿ ಎಂದು ಡ್ರಾಪ್ಸ್ ಬರೆದುಕೊಟ್ಟಿದ್ದರು. ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತರೆ ತುಸು ಕಾಣುತ್ತದಂತೆ, ಆದರೆ ಬೆನ್ನು ಕಾದು ತಲೆ ತಿರುಗುತ್ತದಂತೆ. ಕಿವಿ ಇಲ್ಲದವಳಿಗೆ ಕಣ್ಣೂ ಇಲ್ಲವಾದರೆ ಮುಂದೇನು ಎಂದು ಅವಳು ಒಂದು ವರ್ಷ ಒಬ್ಬಳೇ ಯೋಚನೆ ಮಾಡಿದ್ದಾಳೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಬೈತಿದ್ದಿ."

ಬೈಯುವುದಕ್ಕೇ ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಅವಳು ನಕ್ಕು ನನ್ನ ಗಲ್ಲ ತಟ್ಟಿದಳು.

"ಒಂದು ಮಾತು ಹೇಳ್ಲಿ? ನೀ ಬಂದಾಗಷ್ಟ ನನಗ ಕಣ್ಣು ಛಲೋ ಕಾಣತಾವು. ನೀ ಹೋದ ಮ್ಯಾಲ ಮತ್ತ ಮಬ್ಬು. ತಂಗಿ ಬಂದ್ಲಂತ ಜೀವಕ್ಕ ಖುಷಿ ಆಗಿ ಹಂಗ ಆಕೈತೇನೋ."

ಬೇರೆ ಯಾರಾದರೂ ಆಗಿದ್ದರೆ ಅವಳನ್ನು ತಬ್ಬಿಕೊಂಡು ಅತ್ತುಬಿಡುತ್ತಿದ್ದರು. ನನಗೂ ಕಣ್ಣು ತುಂಬಿತ್ತು. ಆದರೆ ಲ್ಯಾಬಿನಲ್ಲಿ ಜೀವ ಸವೆಸಿದವಳಿಗೆ ಒಂದು ಕೆಟ್ಟ ಚಟ ಇರುತ್ತದೆ. ಕಣ್ಣು ಒಮ್ಮೆ ಕಂಡು ಒಮ್ಮೆ ಕಾಣದಿದ್ದರೆ ದೋಷ ಕಣ್ಣಿನಲ್ಲಿಲ್ಲ, ಬೇರೆ ಎಲ್ಲೋ ಇದೆ ಎಂದು ಮನಸ್ಸು ಕೆರೆಯತೊಡಗಿತು. ಊಟಕ್ಕೆ ಕೂಡು ಎಂದರೂ ಕೇಳದೆ ಸೇವಾ ಕೇಂದ್ರಕ್ಕೆ ನಡೆದೆ.

ಸೇವಾ ಕೇಂದ್ರದ ಮೇಲಿನ ಮಹಡಿಯೇ ಜಿಲ್ಲೆಯ ಬಿಲ್ಲೆಗಳೆಲ್ಲದರ ನಿಯಂತ್ರಣ ಕೊಠಡಿ. ತಂಪು ಗಾಳಿ, ಗೋಡೆ ತುಂಬ ಪರದೆಗಳು. ಅಲ್ಲಿನ ಮುಖ್ಯಸ್ಥ ಎದ್ದು ನಿಂತಾಗ ನೋಡಿದರೆ ಫಕ್ಕೀರೇಶ. ಹದಿನೆಂಟು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದವನು, ಒಂಬತ್ತನೆಯ ಕಾಲು ಬಿಟ್ಟು ಒಂದೇ ವರ್ಷದಲ್ಲಿ ಹನ್ನೊಂದು ಡ್ರೈವರ್ ಚಿಪ್ ಕೊಂದ ಮಹಾನುಭಾವ. ಈಗ ತಲೆಗೂದಲು ನರೆಯುತ್ತಿತ್ತು.

"ಮೇಡಂ, ನೀವು ಬರ್ತೀರಿ ಅಂತ ಗೊತ್ತಿತ್ರಿ" ಎಂದ. "ಜಿಲ್ಲಾದಾಗ ಅತೀ ಕೆಂಪು ಚುಕ್ಕಿ ನಿಮ್ಮನಿದ ಐತ್ರಿ."

"ಕೆಂಪು ಅಂದ್ರ?"

ಅವನು ತಡವರಿಸಿದ. ನಾನು ಪೊಟ್ಟಣ ಬಿಚ್ಚಿ ಮೂರು ಸುಟ್ಟ ದೀಪಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. "ಒಂಬತ್ತು ಮಿಲಿಆಂಪಿಯರ್ ಸಾಕಾಗೋ ದೀಪಕ್ಕ ನಿನ್ನ ಬಿಲ್ಲೆ ನಲವತ್ತು ಕೊಡಾಕತ್ತೈತಿ. ನಾನು ಮೀಟರ್ ಹಚ್ಚಿ ನೋಡೇನಿ. ಯಾಕ, ಹೇಳು."

ಪರೀಕ್ಷೆಯ ದಿನ ನಿಲ್ಲುತ್ತಿದ್ದ ಹಾಗೆಯೇ ನಿಂತ. ಆಮೇಲೆ ಬಾಗಿಲು ಹಾಕಿಕೊಂಡು ಬಂದು ಮೆಲ್ಲಗೆ ಹೇಳಿದ.

"ಹೊರಗ ಹೇಳಂಗಿಲ್ರಿ ಮೇಡಂ. ಯಾರಿಗೆ ಎಷ್ಟು ಸಾಕು ಅನ್ನೋದು ಬಿಲ್ಲೆಗೆ ಹೆಂಗ ತಿಳೀಬೇಕ್ರಿ? ಅದಕ ಒಂದು ಸಣ್ಣ ಕಿವಿ ಇಟ್ಟಾರ. ಮಾತು ತಿಳಿಯಂಗಿಲ್ರಿ ಅದಕ್ಕ, ದನಿ ಅಷ್ಟ. ಮಂದಿ ಬ್ಯಾಸರ ಮಾಡ್ಕೊಂಡ್ರ, ಥೂ ಅಂದ್ರ, ಉಸ್ ಅಂದ್ರ, ಸಾಲವಲ್ತು ಅಂತ ತಿಳ್ಕೊಂಡು ಕರೆಂಟ್ ಏರಸ್ತೈತಿ. ಯಾರೂ ಏನೂ ಅನ್ನಲಿಲ್ಲಂದ್ರ ದಿನಾ ಒಂಚೂರು ಇಳಿಸ್ಕೋತ ಹೋಗ್ತೈತಿ. ಯಾರರೆ ಗೊಣಗೋ ತನಕ. ಗೊಣಗಿದಾಗ ಏರಿದ್ದೂ ಮಂದಿ ಸುಮ್ಮಾದ್ರ ಅರ್ಧ ತಾಸಿನಾಗ ಮತ್ತ ಹಳೇ ಮಟ್ಟಕ್ಕ ಇಳೀತೈತಿ."

ಊರಲ್ಲಿ ಎಷ್ಟೋ ದಿನದಿಂದ ಕಂಡದ್ದೆಲ್ಲ ಒಮ್ಮೆಲೇ ತಲೆಯಲ್ಲಿ ಸಾಲುಗಟ್ಟಿತು. ಕಾಯಿಪಲ್ಲೆ ಮಾರ್ಕೆಟ್ಟು ಹಗಲಿನ ಹಾಗೆ ಬೆಳಗುತ್ತದೆ, ಗ್ರಂಥಾಲಯದಲ್ಲಿ ಅಕ್ಷರ ಕಾಣುವುದಿಲ್ಲ. ಅತ್ತೆ ಸೊಸೆ ಜಗಳಾಡುವ ಮನೆಯ ಫ್ಯಾನು ಗಾಳಿಪಟ ಹಾರಿಸುತ್ತದೆ, ಗಂಡ ಸತ್ತು ಮೂಲೆಯಲ್ಲಿ ಕೂತವಳ ಮನೆಯ ಫ್ಯಾನು ಎಣಿಸಿಕೊಂಡು ತಿರುಗುತ್ತದೆ. ಇನ್ನು ನನ್ನ ಮನೆ. ಎದ್ದಾಗಿನಿಂದ ಮಲಗುವವರೆಗೆ ಹಾಲಿಗೆ, ಪೇಪರಿಗೆ, ನಲ್ಲಿಗೆ ಬೈಯುವವಳು ನಾನು. ಬಿಲ್ಲೆ ಪಾಪ ನನ್ನನ್ನು ತೃಪ್ತಿಪಡಿಸಲು ನಲವತ್ತು ಮಿಲಿಆಂಪಿಯರ್ ಸುರಿದಿದೆ. ದೀಪ ಸುಟ್ಟಿದೆ, ಅದಕ್ಕೆ ನಾನು ಮತ್ತೆ ಬೈದಿದ್ದೇನೆ, ಅದು ಮತ್ತೆ ಸುರಿದಿದೆ.

"ಒಂದು ಮನಿ ತೋರಸು" ಎಂದೆ. "ಹಳೇ ಹುಬ್ಬಳ್ಳಿ, ಚಂಪಾವತಿ ಪತ್ತಾರ."

ಅವನ ಮುಖ ಅರಳಿತು. "ನಮ್ಮ ಪ್ರಶಸ್ತಿ ಮನಿ ಅಲ್ರಿ ಅದು? ಮೂರು ವರ್ಷದಾಗ ತಿಂಗಳಿಗೊಮ್ಮೆ ಬಿಟ್ರ ಒಂದು ಉಸ್ ಇಲ್ರಿ. ಕಂಪನಿ ಮೀಟಿಂಗಿನಾಗ ಇದನ್ನ ತೋರಸ್ತಾರ."

ಪರದೆಯ ಮೇಲೆ ಒಂದು ಗೆರೆ ಮೂಡಿತು. ಮೂರು ವರ್ಷದಿಂದ ಸಾವಕಾಶವಾಗಿ ಇಳಿದು ನೆಲ ಮುಟ್ಟಿದ ಗೆರೆ. ತಿಂಗಳಿಗೊಂದು ಕಡೆ ಮಾತ್ರ ಮೊಳೆಯ ಹಾಗೆ ಚೂಪಾಗಿ ಎದ್ದು, ಮತ್ತೆ ತನ್ನ ಮಟ್ಟಕ್ಕೆ ಇಳಿದುಹೋಗುತ್ತಿತ್ತು.

"ಈ ಮೊಳಿ ಯಾವುದು ಅಂತ ನಮಗೂ ತಿಳಿದಿಲ್ರಿ. ತಿಂಗಳಿಗೊಮ್ಮೆ ಯಾರೋ ಬರ್ತಾರ."

"ಅದು ನಾನು" ಎಂದೆ. "ಆಕೀಗೆ ಕಿವಿ ಕೇಳಂಗಿಲ್ಲ ಫಕ್ಕೀರೇಶ. ಬಾಯಿ ಇಲ್ಲ. ತೃಪ್ತಿ ಅಲ್ಲ ಅದು."

ಅವನು ಆ ಗೆರೆಯನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ನೋಡಿದ. ಒಬ್ಬರ ಮನೆಗೆ ಮಾತ್ರ ಮಟ್ಟ ಏರಿಸುವ ಅಧಿಕಾರ ತನಗಿಲ್ಲ, ಬೆಂಗಳೂರಿಗೆ ಅರ್ಜಿ ಹಾಕಬೇಕು, ಅರ್ಜಿಯನ್ನು ಗ್ರಾಹಕರು ಬಾಯಿಂದಲೇ ದಾಖಲಿಸಬೇಕು ಎಂದು ಕೊನೆಗೆ ಹೇಳಿದ. ಹೇಳಿದ ಮೇಲೆ ತನಗೇ ನಾಚಿಕೆಯಾಗಿ ತಲೆ ತಗ್ಗಿಸಿದ. ನಾನು ಸಿಟ್ಟಿನಿಂದ ಥೂ ಎಂದ ರಭಸಕ್ಕೆ ಆ ಕೊಠಡಿಯ ದೀಪಗಳೆಲ್ಲ ಕಣ್ಣು ಕುಕ್ಕತೊಡಗಿದವು.

"ನಿಮ್ಮ ಅರ್ಜಿ ನಿಮ್ಮ ಹತ್ರ ಇಟ್ಕೋರಿ. ಬೆಸುಗಿ ಕಡ್ಡಿ ಐತಿಲ್ಲೋ ನಿನ್ನ ಹತ್ರ?"

"ಐತ್ರಿ. ನಾನೂ ಬರ್ತೀನ್ರಿ" ಎಂದ.

ಬಾಗಿಲು ಮುಟ್ಟುವವರೆಗೂ ಕಂಪನಿಗೆ ಗಟ್ಟಿಯಾಗಿ ಬೈಯುತ್ತ ಚಂಪಕ್ಕನ ಮನೆಗೆ ಬರುವಾಗ ನಾಲ್ಕು ಗಂಟೆ. ನಾನು ಹೊಸ್ತಿಲಲ್ಲೇ ಫಕ್ಕೀರೇಶನ ಬಾಯಿಗೆ ಬೆರಳಿಟ್ಟೆ. ಒಂದು ಮಾತೂ ಆಡದೆ, ಉಸಿರೂ ಬಿಗಿ ಹಿಡಿದು ಅರ್ಧ ಗಂಟೆ ಕೂತೆವು. ನನ್ನ ಜೀವನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದಿಲ್ಲ. ನೋಡನೋಡುತ್ತಿದ್ದ ಹಾಗೆ ಚೌಕಟ್ಟಿನ ಮೇಲಿನ ದೀಪ ಕಂದಿತು, ಗೋಡೆಯ ಬಣ್ಣ ಹೋಯಿತು, ಅಕ್ಕನ ಮುಖ ಬೂದಿಯಾಯಿತು. ಮೀಟರಿನಲ್ಲಿ ಒಂದು ಸಾಲಿಗೆ ಒಂದೂವರೆ ಮಿಲಿಆಂಪಿಯರ್, ಇರಬೇಕಾದದ್ದು ಇಪ್ಪತ್ತು. ನನ್ನ ಅಕ್ಕ ಈ ಬೆಳಕಿನಲ್ಲಿ ಎಳೆ ಎಣಿಸಲು ಒಂದು ವರ್ಷ ಒದ್ದಾಡಿದ್ದಾಳೆ, ಎಣಿಸಲಾಗದೆ ತನ್ನ ಕಣ್ಣನ್ನೇ ಶಪಿಸಿದ್ದಾಳೆ. ಅವಳು ಕಂಡದ್ದು ಇದನ್ನು, ನಾನು ಇಷ್ಟು ದಿನ ಒಮ್ಮೆಯೂ ಕಾಣದ್ದು ಇದನ್ನೇ. ನಾನು ಹೊಸ್ತಿಲು ದಾಟುವ ಮೊದಲೇ ಗೊಣಗುತ್ತಿದ್ದೆ, ದೀಪ ನನಗಾಗಿ ಏರುತ್ತಿತ್ತು.

ತಡೆಯಲಾಗದೆ ದೊಡ್ಡದಾಗಿ ಉಸಿರು ಬಿಟ್ಟೆ. ದೀಪ ಝಗ್ಗನೆ ಏರಿತು. ಚಂಪಕ್ಕ ದೀಪ ನೋಡಿದಳು, ನನ್ನ ಮುಖ ನೋಡಿದಳು. ನಾನು ಕೈಯಲ್ಲಿ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನಾನು ಅಳುತ್ತಿದ್ದೆ, ಅವಳು ಅಳಲಿಲ್ಲ. ಎದ್ದು ಹೋಗಿ ಪ್ರಶಸ್ತಿಪತ್ರವನ್ನು ಗೋಡೆಯಿಂದ ಇಳಿಸಿ, ಮುಖ ಗೋಡೆಗೆ ಮಾಡಿ ಕೆಳಗಿಟ್ಟಳು.

ಮೂರು ವರ್ಷದ ಹಿಂದೆ ಕಿತ್ತ ಸಾಮಾನನ್ನೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಎಸೆದಿದ್ದೆ. ಅವಳು ಅದನ್ನು ಒರೆಸಿ ಇಟ್ಟಿದ್ದಳು. ಡಬ್ಬಿಯ ತುಂಬ ಬೆರಕೆಯಾದ ನೂರಾರು ರೆಸಿಸ್ಟರುಗಳು, ಒಂದೊಂದರ ಮೇಲೂ ಕೂದಲೆಳೆಯಂಥ ಬಣ್ಣದ ಪಟ್ಟೆಗಳು. ಆ ಪಟ್ಟೆಗಳೇ ಅದರ ಬೆಲೆ ಹೇಳುವುದು. ಲೆಕ್ಕ ಹಾಕಿದೆ: ಹನ್ನೆರಡು ವೋಲ್ಟ್, ಸಾಲಿಗೆ ಮೂರು ಬಿಳಿ ದೀಪ, ಒಂದೊಂದು ಮೂರು ತಿಂದರೆ ಉಳಿದದ್ದು ಮೂರು, ಇಪ್ಪತ್ತು ಮಿಲಿಆಂಪಿಯರಿಗೆ ನೂರೈವತ್ತು ಓಮ್. ಕಂದು, ಹಸಿರು, ಕಂದು. ಕನ್ನಡಕ ಏರಿಸಿ ಇಳಿಸಿ ಹೇಗೋ ಒಂದು ಹುಡುಕಿದೆ, ಮೀಟರಿಗೆ ಹಚ್ಚಿದರೆ ಸಾವಿರದೈನೂರು ಓಮ್, ಅದು ಕಂದು, ಹಸಿರು, ಕೆಂಪು. ಫಕ್ಕೀರೇಶ ಇನ್ನೊಂದು ತೆಗೆದ, ಅದೂ ತಪ್ಪು. ಹದಿನಾಲ್ಕು ವರ್ಷದಿಂದ ಅವನು ಪಟ್ಟೆ ಓದಿರಲಿಲ್ಲ. ನನ್ನ ಬಾಯಿಂದ ಬರಬಾರದ್ದೆಲ್ಲ ಬಂತು, ದೀಪ ಸುಡುವಷ್ಟು ಬೆಳಗಿತು.

ಚಂಪಕ್ಕ ಡಬ್ಬಿ ಎಳೆದುಕೊಂಡಳು. ಯಾವ ಬಣ್ಣ ಬೇಕು ಎಂದು ಕೇಳಿದಳು. ಅವಳ ದಾರದ ಚೀಲದಿಂದಲೇ ಕಂದು, ಹಸಿರು, ಕಂದು ಎಳೆ ತೆಗೆದು ಸಾಲಾಗಿ ಇಟ್ಟು ತೋರಿಸಿದೆ. ಹೂವು ಬಿಡಿಸುವವಳ ಹಾಗೆ ಅವಳ ಬೆರಳು ಓಡಿತು. ಎಂಟು ರೆಸಿಸ್ಟರ್ ನನ್ನ ಅಂಗೈಯಲ್ಲಿ ಬಿದ್ದವು. ಒಂದೊಂದಾಗಿ ಮೀಟರಿಗೆ ಹಚ್ಚಿದೆ, ಎಂಟೂ ಸರಿ. ಅವಳು ನನ್ನ ಕಡೆ ನೋಡಿದಳು. ತನ್ನ ಕಣ್ಣಿಗೆ ಏನೂ ಆಗಿಲ್ಲ ಎಂದು ನಾನು ಕೈ ಮಾಡಿ ಹೇಳಿದಾಗ ನಂಬಿರಲಿಲ್ಲ, ಈಗ ನಂಬಿದಳು. ಆಗ ಅತ್ತಳು.

ಬೆಸುಗೆ ಹಾಕುತ್ತ ಹಾಕುತ್ತ ಸಂಜೆಯಾಯಿತು. ಕೆಲಸದ ದೀಪ ಮುಗಿಸಿ, ಬಾಗಿಲ ದೀಪ ಮುಗಿಸಿ, ಮಂಚದ ಕೆಳಗೆ ತೂರಿ ಹಳೆಯ ಡ್ರೈವರ್ ಚಿಪ್ಪನ್ನು ಕೂರಿಸಿದೆ. ಗುಂಡಿ ಒತ್ತಿಸಿದೆ, ರಿಲೇ ಟಕ್ ಎಂದಿತು, ಮಂಚ ನಡುಗಿತು. ಹೊರಗೆ ತೆವಳುತ್ತಿದ್ದವಳನ್ನು ಫಕ್ಕೀರೇಶ ತಡೆದ.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಒಂಬತ್ತನೇ ಕಾಲು."

ನೋಡಿದರೆ ಖಾಲಿ ಬಿಟ್ಟಿದ್ದೆ. ಮೂವತ್ತೊಂದು ವರ್ಷ ಯಾವುದಕ್ಕೆ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಅದೇ ಕಾಲು. ಇವತ್ತು ನಡೆಯುತ್ತಿತ್ತು, ನಾಳೆಯೂ ನಡೆಯುತ್ತಿತ್ತು. ಆಮೇಲೆ ಒಂದು ದಿನ ಸದ್ದಿಲ್ಲದೆ ಸಾಯುತ್ತಿತ್ತು, ಅಕ್ಕ ಯಾರಿಗೂ ಹೇಳುತ್ತಿರಲಿಲ್ಲ. ಬೈಯಲು ಬೇರೆ ಯಾರೂ ಸಿಗದೆ ನನಗೆ ನಾನೇ ಬೈದುಕೊಂಡು ಆ ಕಾಲಿಗೆ ವೈರು ಹಾಕಿದೆ.

ಕಿತ್ತ ಬಿಲ್ಲೆಗಳನ್ನು ಫಕ್ಕೀರೇಶ ಜೇಬಿಗೆ ಹಾಕಿಕೊಂಡ. ಜಿಲ್ಲೆಯ ಪಟ್ಟಿಯಲ್ಲಿ ಸದ್ದಿಲ್ಲದ ಮನೆಗಳು ಇನ್ನೂ ನಾನೂರ ಹನ್ನೆರಡು ಇವೆ ಎಂದ. ನಾಳೆಯಿಂದ ಒಂದೊಂದರ ಬಾಗಿಲು ಬಡಿದು ಬರುತ್ತೇನೆ, ಕೆಲಸ ಹೋದರೆ ಹೋಗಲಿ ಎಂದ. ಅವನ ಬಗ್ಗೆ ನಾನು ಮೊದಲ ಸಲ ಹೆಮ್ಮೆಪಟ್ಟೆ, ಬಾಯಿ ಬಿಟ್ಟು ಹೇಳಲಿಲ್ಲ.

ಅವನು ಹೋದ ಮೇಲೆ ನಾನು ಪರೀಕ್ಷೆಗೆಂದು ದೀಪದ ಕೆಳಗೆ ನಿಂತು ಒಂದು ಸಲ ಥೂ ಎಂದೆ. ದೀಪ ಅಲ್ಲಾಡಲಿಲ್ಲ. ಉಸ್ ಎಂದೆ, ಗಟ್ಟಿಯಾಗಿ ಬೈದೆ. ಬೆಳಕು ಹಾಗೆಯೇ ಇತ್ತು. ಆ ಎಂಟು ರೆಸಿಸ್ಟರುಗಳಿಗೆ ಯಾರ ಬೇಸರವೂ ತಿಳಿಯುವುದಿಲ್ಲ, ಯಾರ ಮೌನವೂ ತಿಳಿಯುವುದಿಲ್ಲ. ಚಂಪಕ್ಕ ಆಗಲೇ ಚೌಕಟ್ಟಿಗೆ ಬಟ್ಟೆ ಬಿಗಿದು, ಸೂಜಿಗೆ ದಾರ ಪೋಣಿಸಿ, ಅರ್ಧಕ್ಕೆ ಬಿಟ್ಟ ಗೋಪುರದ ಎಳೆ ಎಣಿಸುತ್ತಿದ್ದಳು. ನಮೂನೆಯ ಪುಸ್ತಕ ಚೀಲದಿಂದ ಹೊರಗೆ ಬಂದು ಅವಳ ತೊಡೆಯ ಮೇಲಿತ್ತು.

ನನ್ನ ತುಟಿಯ ಓಟ ನೋಡಿ ಅವಳಿಗೆ ನಗು ಬಂತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎರಡೂ ಕೈ ಬಿಡುವು ಮಾಡಿಕೊಂಡಳು.

"ಇನ್ನ ನೀ ಬಂದ್ರೂ ಅಷ್ಟ ಬೆಳಕು, ಬರದಿದ್ರೂ ಅಷ್ಟ ಬೆಳಕು" ಎಂದಳು. "ಬರೂದಾದ್ರ ಊಟಕ್ಕ ಬಾ."